ಪೈಪು, ಹೋಸು, ವಾಲ್ವ್: ಅಕ್ವೇರಿಯಂ ಫಿಲ್ಟರ್ ಜೋಡಣೆಗೆ ಸಾಮಗ್ರಿ ಆರಿಸುವ ಬಗೆ

ಮೀನಿನ ತೊಟ್ಟಿಗೆ ಯಾವ ಪಂಪು ಬೇಕು, ಫಿಲ್ಟರಿನೊಳಗೆ ಎಂಥ ಸ್ಪಂಜು, ಎಷ್ಟು ಸೆರಾಮಿಕ್ ಉಂಗುರ ತುಂಬಬೇಕು ಎಂದು ವಾರಗಟ್ಟಲೆ ವಿಚಾರಿಸುವವರು ಸಹ ಪೈಪಿನ ವಿಷಯಕ್ಕೆ ಬಂದಾಗ ಮನೆಯ ಮೂಲೆಯಲ್ಲಿ ಉಳಿದಿದ್ದ ತುಂಡುಗಳನ್ನು ಜೋಡಿಸಿ ಕೆಲಸ ಮುಗಿಸಿಬಿಡುತ್ತಾರೆ. ಮನೆಯ ನಲ್ಲಿ ಕೆಲಸಕ್ಕೆ ಒಗ್ಗುವ ಸಾಮಗ್ರಿಯೆಲ್ಲ ಅಕ್ವೇರಿಯಂಗೆ ಒಗ್ಗುವುದಿಲ್ಲ. ನಲ್ಲಿಯ ನೀರು ಪೈಪಿನೊಳಗೆ ಒಂದು ಸಲ ಹಾದು ಹೊರಟುಹೋಗುತ್ತದೆ. ತೊಟ್ಟಿಯಲ್ಲಾದರೋ 200 ಲೀಟರ್ ನೀರಿಗೆ ಗಂಟೆಗೆ 1000 ಲೀಟರ್ ಹರಿಸುವ ಪಂಪು ಇಟ್ಟರೆ ಅದೇ ನೀರು ದಿನಕ್ಕೆ 120 ಸುತ್ತು ಅದೇ ಪೈಪಿನಲ್ಲಿ ತಿರುಗುತ್ತದೆ. ಪೈಪಿನಿಂದಲೋ ಕೀಲಿನಿಂದಲೋ ಒಸರಿದ ಅಂಶವು ನೀವು ನೀರು ಬದಲಿಸುವವರೆಗೆ ಅಲ್ಲಿಯೇ ಶೇಖರವಾಗುತ್ತದೆ. ಒತ್ತಡದ ಲೆಕ್ಕ ಮಾತ್ರ ಇದಕ್ಕೆ ತದ್ವಿರುದ್ಧವಾಗಿದೆ. ನೀರನ್ನು ಒಂದೂವರೆ ಮೀಟರ್ ಎತ್ತರಕ್ಕೆ ಏರಿಸುವ ಪೈಪಿನ ಬುಡದಲ್ಲಿರುವ ಒತ್ತಡ ಸುಮಾರು 0.15 ಬಾರ್ ಅಷ್ಟೇ. ಇಷ್ಟನ್ನು ಎಂಥ ಸಾಧಾರಣ ಪೈಪಾದರೂ ತಡೆದುಕೊಳ್ಳುತ್ತದೆ. ಆದ್ದರಿಂದ ಅಂಗಡಿಯಲ್ಲಿ ಪೈಪಿನ ಒತ್ತಡದ ದರ್ಜೆಯನ್ನು ವಿಚಾರಿಸುವುದಕ್ಕಿಂತ, ಅದು ನೀರಿಗೆ ಏನನ್ನು ಬಿಡುತ್ತದೆ ಮತ್ತು ಒಳಗೆ ಕೊಳೆ ಕಟ್ಟಿದಾಗ ಬಿಚ್ಚಿ ತೊಳೆಯಲು ಬರುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಮೇಲು. ಮುಂದಿನ ಮಾತೆಲ್ಲ ಈ ಎರಡು ಪ್ರಶ್ನೆಗಳನ್ನೇ ಹಿಡಿದು ಸಾಗುತ್ತದೆ.

ಗಟ್ಟಿ ಪೈಪು

ಬಹುತೇಕ ಜೋಡಣೆಗಳಿಗೆ ಗಟ್ಟಿಯಾದ ಯುಪಿವಿಸಿ ಪೈಪೇ ಸಾಕು. ಇದರಲ್ಲಿ ಪ್ಲಾಸ್ಟಿಕನ್ನು ಮೆತ್ತಗಾಗಿಸುವ ರಾಸಾಯನಿಕ ಇರುವುದಿಲ್ಲ, ಉಪ್ಪುನೀರು ಇದನ್ನು ಕೊರೆಯುವುದಿಲ್ಲ, ಬೇಕಾದ ಎಲ್ಬೋ, ಟೀ, ರೆಡ್ಯೂಸರ್‌ಗಳೆಲ್ಲ ಸುಲಭವಾಗಿ ಸಿಗುತ್ತವೆ. ಕೊಳ್ಳುವಾಗ ಕುಡಿಯುವ ನೀರಿಗೆ ಯೋಗ್ಯವೆಂಬ ಗುರುತು ಪೈಪಿನ ಮೇಲೆ ಅಚ್ಚಾಗಿದೆಯೇ ಎಂದು ನೋಡಬೇಕು. ಪಿವಿಸಿ ತಯಾರಿಕೆಯಲ್ಲಿ ಶಾಖಕ್ಕೆ ಪ್ಲಾಸ್ಟಿಕ್ ಕೆಡದಂತೆ ಬೆರೆಸುವ ಸ್ಟೆಬಿಲೈಸರ್‌ಗಳಲ್ಲಿ ಹಿಂದೆ ಸೀಸದ ಸಂಯುಕ್ತಗಳು ಸಾಮಾನ್ಯವಾಗಿದ್ದವು. ಕ್ಯಾಲ್ಸಿಯಂ-ಸತು ಮತ್ತು ತವರದ ಸಂಯುಕ್ತಗಳು ಅವುಗಳ ಸ್ಥಾನಕ್ಕೆ ಬಂದದ್ದು ಆಮೇಲೆ. ಕುಡಿಯುವ ನೀರಿನ ಗುರುತಿರುವ ಪೈಪನ್ನು ಕೊಂಡರೆ ಈ ಚಿಂತೆ ಬಹುಮಟ್ಟಿಗೆ ತಪ್ಪುತ್ತದೆ. ಇದೇ ಕಾರಣಕ್ಕೆ ಮಳೆನೀರಿಗೆ ಮತ್ತು ಕೊಳಚೆ ನೀರಿಗೆಂದು ಮಾಡಿದ ತೆಳು ಪೈಪನ್ನಾಗಲಿ, ವಿದ್ಯುತ್ ತಂತಿ ಎಳೆಯುವ ಕಾಂಡ್ಯುಯಿಟ್ ಪೈಪನ್ನಾಗಲಿ ತೊಟ್ಟಿಗೆ ಬಳಸಬಾರದು. ನೋಡಲು ಅವು ಒಂದೇ ಬಗೆಯಾಗಿ ಕಂಡರೂ ಅವುಗಳೊಳಗೆ ಏನೇನು ಬೆರೆತಿದೆ ಎಂಬುದನ್ನು ಕುಡಿಯುವ ನೀರಿನ ದೃಷ್ಟಿಯಿಂದ ಯಾರೂ ಪರೀಕ್ಷಿಸಿರುವುದಿಲ್ಲ. ಹಿಂದೆ ಬೇರೆ ಕೆಲಸಕ್ಕೆ ಬಳಕೆಯಾದ ಪೈಪು ಎಷ್ಟೇ ಚೊಕ್ಕಟವಾಗಿ ಕಂಡರೂ ಬೇಡ.

ಬಿಸಿನೀರಿಗೆ ಬಳಸುವ ಸಿಪಿವಿಸಿ ಪೈಪಿನಿಂದ ತೊಂದರೆಯೇನೂ ಇಲ್ಲ, ಆದರೆ ಪ್ರಯೋಜನವೂ ಇಲ್ಲ. ಉಷ್ಣವಲಯದ ಮೀನುಗಳ ನೀರು ಸಾಮಾನ್ಯವಾಗಿ 24ರಿಂದ 28 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ. ಸಾಧಾರಣ ಯುಪಿವಿಸಿ ಅದಕ್ಕಿಂತ ಎಷ್ಟೋ ಹೆಚ್ಚಿನ ಶಾಖವನ್ನು ತಾಳುತ್ತದೆ. ಎರಡು ಬಗೆಯನ್ನೂ ಬೆರೆಸಿ ಅಂಟಿಸಲು ಹೋದರೆ ಅಳತೆಯಲ್ಲೂ ಅಂಟಿನಲ್ಲೂ ಗೊಂದಲವಾಗುತ್ತದೆಯಾದ್ದರಿಂದ ಒಂದನ್ನೇ ಹಿಡಿದು ಮುಗಿಸುವುದು ಕ್ಷೇಮ. ಗಾಜಿನ ಮತ್ತು ಅಕ್ರಿಲಿಕ್ ಪೈಪುಗಳು ತೊಟ್ಟಿಯೊಳಗೆ ಕಾಣುವ ಭಾಗಕ್ಕೆ ಚೆನ್ನಾಗಿರುತ್ತವೆ, ನೀರಿಗೆ ಏನನ್ನೂ ಬಿಡುವುದಿಲ್ಲ. ಆದರೆ ಪಾರದರ್ಶಕವಾದ ಪೈಪಿನೊಳಗೆ ಬೆಳಕು ಬಿದ್ದಲ್ಲೆಲ್ಲ ಪಾಚಿ ಬರುತ್ತದೆ, ಹಾಗಾಗಿ ಅದನ್ನು ತಿಂಗಳಿಗೊಮ್ಮೆಯಾದರೂ ಬ್ರಷ್ಷಿನಿಂದ ಉಜ್ಜುವ ತಾಳ್ಮೆ ಇರುವವರು ಮಾತ್ರ ಅದನ್ನು ಆರಿಸಿಕೊಳ್ಳಬೇಕು.

ಮೆತ್ತನೆಯ ಹೋಸು

ಕ್ಯಾನಿಸ್ಟರ್ ಫಿಲ್ಟರ್ (ತೊಟ್ಟಿಯ ಹೊರಗಿಡುವ ಮುಚ್ಚಿದ ಡಬ್ಬಿಯಂಥ ಫಿಲ್ಟರ್) ಇಟ್ಟವರಿಗೆ ಗಟ್ಟಿ ಪೈಪಿಗಿಂತ ಹೋಸಿನದೇ ಹೆಚ್ಚು ಕೆಲಸ. ಇವುಗಳ ಅಳತೆಯನ್ನು 12/16 ಅಥವಾ 16/22 ಎಂದು ಬರೆಯುವುದು ವಾಡಿಕೆ. ಮೊದಲ ಅಂಕಿ ಒಳವ್ಯಾಸ, ಎರಡನೆಯದು ಹೊರವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಹೋಸನ್ನು ಬದಲಿಸುವಾಗ ಒಂದನ್ನು ಮಾತ್ರ ಅಳೆದು ತಂದರೆ ಸಾಲದು. ಒಳವ್ಯಾಸ ಸರಿಹೊಂದಿ ಹೊರವ್ಯಾಸ ಬೇರೆಯಾದರೆ ಫಿಲ್ಟರಿನ ಬಿಗಿಯುವ ನಟ್ಟು ಅದನ್ನು ಹಿಡಿಯುವುದಿಲ್ಲ.

ಸಾಧಾರಣ ಮೆತು ಪಿವಿಸಿ ಹೋಸು ಅಗ್ಗವಾಗಿ ಸಿಗುತ್ತದೆ, ಬಿಗಿಯಾಗಿ ಕೂರುತ್ತದೆ. ಆದರೆ ಅದು ಮೆತ್ತಗಿರುವುದೇ ಅದರಲ್ಲಿ ಬೆರೆಸಿದ ಪ್ಲಾಸ್ಟಿಸೈಸರ್‌ನಿಂದ. ಆ ಅಂಶ ವರ್ಷಗಳು ಕಳೆದಂತೆ ಹೊರಬಂದು ಹೋಸು ಗಡುಸಾಗಿ, ಹಳದಿ ತಿರುಗಿ, ತುದಿಯಲ್ಲಿ ಸೀಳುತ್ತದೆ. ಆಹಾರ ದರ್ಜೆಯ ಹೋಸನ್ನೇ ಕೇಳಿ ಕೊಳ್ಳಬೇಕು. ಮೂಗಿಗೆ ಹಿಡಿದಾಗ ಘಾಟು ಬರುವ ಹೋಸನ್ನು ಅಂಗಡಿಯಲ್ಲೇ ಬಿಟ್ಟುಬರಬೇಕು. ತೋಟಕ್ಕೆ ನೀರು ಹಾಯಿಸುವ ಹೋಸಂತೂ ಕೂಡದು, ಏಕೆಂದರೆ ಅದನ್ನು ಬಿಸಿಲಿಗೆ ಬಾಳುವಂತೆ ಮಾಡಿರುತ್ತಾರೆಯೇ ಹೊರತು ಜೀವಿಗಳಿರುವ ನೀರಿಗಾಗಿ ಮಾಡಿರುವುದಿಲ್ಲ. ಒಳಗೆ ದಾರದ ಹೆಣಿಗೆಯಿರುವ ಹೋಸು ಮಡಿಕೆ ಬೀಳದೆ ಬಾಗುತ್ತದೆಯಾದ್ದರಿಂದ ಪಂಪಿನ ಹೀರುವ ಬದಿಗೆ ಒಳ್ಳೆಯದು.

ಸಿಲಿಕೋನ್ ಹೋಸಿನಲ್ಲಿ ಪ್ಲಾಸ್ಟಿಸೈಸರ್ ಬೇಕಾಗಿಲ್ಲ, ಅದು ಬಹುಕಾಲ ಮೆತ್ತಗೇ ಉಳಿಯುತ್ತದೆ. ಅದರ ದೋಷಗಳು ಬೇರೆ ಬಗೆಯವು. ಬಿಗಿತ ಕಡಿಮೆಯಾದ್ದರಿಂದ ಸಣ್ಣ ತಿರುವಿನಲ್ಲಿ ಮಡಚಿಕೊಳ್ಳುತ್ತದೆ, ಹೀರುವ ಬದಿಯಲ್ಲಿ ಚಪ್ಪಟೆಯಾಗಬಹುದು, ಕ್ಲ್ಯಾಂಪ್ ಇಲ್ಲದಿದ್ದರೆ ಮೂತಿಯಿಂದ ಜಾರುತ್ತದೆ. ಅನಿಲಗಳು ಅದರ ಗೋಡೆಯ ಮೂಲಕ ಸುಲಭವಾಗಿ ಹಾಯುತ್ತವೆ ಎಂಬುದು ಜಲಸಸ್ಯ ಬೆಳೆಸುವವರು ನೆನಪಿಡಬೇಕಾದ ಸಂಗತಿ. ಇಂಗಾಲದ ಡೈಆಕ್ಸೈಡ್ ಸಾಗಿಸುವ ನಳಿಕೆಗೆ ಸಿಲಿಕೋನ್ ಬಳಸಿದರೆ ಅನಿಲದ ಒಂದು ಪಾಲು ದಾರಿಯಲ್ಲೇ ಸೋರಿಹೋಗುತ್ತದೆ. ಅಲ್ಲಿಗೆ ಪಾಲಿಯುರೇಥೇನ್ ನಳಿಕೆ ಸೂಕ್ತ. ಗಾಳಿಯ ಪಂಪಿಗೆ ಸಿಲಿಕೋನಿನಿಂದ ಯಾವ ನಷ್ಟವೂ ಇಲ್ಲ.

ಯಾವ ಹೋಸನ್ನಾದರೂ ಮೂತಿಗೆ ತೊಡಿಸುವ ಮೊದಲು ಅದರ ತುದಿಯನ್ನು ಒಂದೆರಡು ನಿಮಿಷ ಬಿಸಿನೀರಿನಲ್ಲಿ ಅದ್ದಿಟ್ಟರೆ ಬಲ ಹಾಕದೆ ಏರುತ್ತದೆ. ಎಣ್ಣೆ, ಸಾಬೂನು ಬೇಡ. ಗಟ್ಟಿ ಪೈಪಿನ ಜೋಡಣೆಯಲ್ಲೂ ಪಂಪಿನಿಂದ ಹೊರಟ ಮೊದಲ ಒಂದು ಗೇಣು ಹೋಸನ್ನೇ ಇಟ್ಟರೆ ಪಂಪಿನ ಕಂಪನ ಪೈಪಿಗೂ ಅಲ್ಲಿಂದ ಮರದ ಸ್ಟ್ಯಾಂಡಿಗೂ ಏರುವುದಿಲ್ಲ. ರಾತ್ರಿಯ ಮೌನದಲ್ಲಿ ತೊಟ್ಟಿಯಿರುವ ಕೋಣೆಯಲ್ಲಿ ಮಲಗುವವರು ಈ ಒಂದು ಗೇಣಿನ ಬೆಲೆಯನ್ನು ಬಲ್ಲರು.

ಲೋಹದ ವಿಷಯ

ಇಲ್ಲಿ ನಾನು ಸ್ವಲ್ಪ ನಿಷ್ಠುರವಾಗಿಯೇ ಹೇಳುತ್ತೇನೆ: ನೀರಿಗೆ ತಾಗುವ ಜಾಗದಲ್ಲಿ ಲೋಹ ಬೇಡ. ಮೀನುಗಳು ತಾಳಿಕೊಳ್ಳುವ ಪ್ರಮಾಣದ ತಾಮ್ರ ಸೀಗಡಿ, ಬಸವನಹುಳು, ಹವಳಗಳಿಗೆ ಮಾರಕವಾಗಬಹುದು. ಬಸವನಹುಳುಗಳನ್ನು ಕೊಲ್ಲುವ ಔಷಧಿಗಳಲ್ಲಿ ತಾಮ್ರ ಬಳಕೆಯಾಗುವುದು ಇದೇ ಗುಣದಿಂದ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ, ಕೆಲವು ಬಗೆಗಳಲ್ಲಿ ಸ್ವಲ್ಪ ಸೀಸವೂ ಇರುತ್ತದೆ. ನೀರು ಮೆದುವಾಗಿದ್ದಷ್ಟೂ, ಆಮ್ಲೀಯವಾಗಿದ್ದಷ್ಟೂ ಈ ಲೋಹಗಳು ಹೆಚ್ಚು ಕರಗುತ್ತವೆ. ಆರ್‌ಒ ನೀರು ಬಳಸುವವರ ತೊಟ್ಟಿಯಲ್ಲಿ ಅಪಾಯ ಇನ್ನೂ ಹೆಚ್ಚು. ಸತುವಿನ ಲೇಪನವಿರುವ ಜಿಐ ಪೈಪಿಗೂ ಇದೇ ಮಾತು ಸಲ್ಲುತ್ತದೆ.

ನಾನು ಈ ಪಾಠ ಕಲಿತದ್ದು ಒಂದು ಗೇಟ್ ವಾಲ್ವಿನಿಂದ. ಸೀಗಡಿಯ ತೊಟ್ಟಿಗೆ ನೀರು ಮರಳುವ ಪೈಪಿನಲ್ಲಿ ಹರಿವನ್ನು ನಯವಾಗಿ ಹೊಂದಿಸಲೆಂದು ಹಿತ್ತಾಳೆಯ ವಾಲ್ವನ್ನು ಕೂರಿಸಿದ್ದೆ, ಅಷ್ಟು ಚಿಕ್ಕ ತುಣುಕಿನಿಂದ ಏನಾದೀತು ಎಂಬ ಧೈರ್ಯದಲ್ಲಿ. ಎರಡು ವಾರಗಳಲ್ಲಿ ದಿನಕ್ಕೆ ಒಂದೆರಡರಂತೆ ಸೀಗಡಿಗಳು ಸತ್ತವು. ಅಮೋನಿಯಾ ಅಳೆದೆ, ಶಾಖ ಅಳೆದೆ, ಆಹಾರ ಬದಲಿಸಿದೆ. ವಾಲ್ವಿನ ಮೇಲೆ ಅನುಮಾನ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಅದನ್ನು ತೆಗೆದು, ನೀರನ್ನು ಹಂತಹಂತವಾಗಿ ಬದಲಿಸಿ, ಫಿಲ್ಟರಿನಲ್ಲಿ ಹೊಸ ಇದ್ದಿಲು ಇಟ್ಟ ಮೇಲೆ ಸಾವು ನಿಂತಿತು. ಇಡೀ ಜೋಡಣೆಯಲ್ಲಿ ಪ್ಲಾಸ್ಟಿಕ್ ಅಲ್ಲದಿದ್ದದ್ದು ಅದೊಂದೇ.

ಸ್ಟೇನ್‌ಲೆಸ್ ಸ್ಟೀಲನ್ನು ಹಲವರು ಸುರಕ್ಷಿತವೆಂದು ನಂಬುತ್ತಾರೆ. ಸಿಹಿನೀರಿನ ತೊಟ್ಟಿಯಲ್ಲಿ ಅದು ಬಹುಮಟ್ಟಿಗೆ ನಿಜ. ಉಪ್ಪುನೀರಿನಲ್ಲಿ 304 ದರ್ಜೆಯ ಸ್ಟೀಲ್ ಚುಕ್ಕೆಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ. 316 ದರ್ಜೆ ಹೆಚ್ಚು ಬಾಳಿದರೂ ಬಿರುಕಿನಂಥ ಸಂದುಗಳಲ್ಲಿ ಅದೂ ಕೊರೆಯುತ್ತದೆ. ಅಯಸ್ಕಾಂತ ಹಿಡಿದು ದರ್ಜೆ ತಿಳಿಯಬಹುದೆಂಬ ನಂಬಿಕೆಯೂ ಇದೆ, ಆದರೆ ಈ ಎರಡು ದರ್ಜೆಗಳೂ ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟದವು, ಆದ್ದರಿಂದ ಆ ಪರೀಕ್ಷೆ ಇವೆರಡನ್ನು ಬೇರ್ಪಡಿಸಲಾರದು. ತಿರುಪು ಬಿಗಿಯುವ ಸ್ಟೀಲ್ ಕ್ಲ್ಯಾಂಪುಗಳಲ್ಲಿ ಪಟ್ಟಿ ಒಂದು ದರ್ಜೆಯದೂ ತಿರುಪು ಇನ್ನೊಂದು ದರ್ಜೆಯದೂ ಆಗಿರುವುದುಂಟು, ಮೊದಲು ತುಕ್ಕು ಹಿಡಿಯುವುದು ತಿರುಪೇ. ಉಪ್ಪುನೀರಿನ ತೊಟ್ಟಿಯವರು ಪ್ಲಾಸ್ಟಿಕ್ ಕ್ಲ್ಯಾಂಪನ್ನೇ ಬಳಸಲಿ.

ಎಷ್ಟು ವ್ಯಾಸದ ಪೈಪು

ಸಾಮಗ್ರಿ ಸರಿಯಿದ್ದು ಅಳತೆ ತಪ್ಪಿದರೆ ಪಂಪಿನ ಅರ್ಧ ಶಕ್ತಿ ಪೈಪಿನ ಗೋಡೆಯನ್ನು ಉಜ್ಜುವುದರಲ್ಲೇ ಮುಗಿಯುತ್ತದೆ. ಸಿಹಿನೀರಿನ ತೊಟ್ಟಿಗೆ ಗಂಟೆಗೆ ತೊಟ್ಟಿಯ ಗಾತ್ರದ ನಾಲ್ಕರಿಂದ ಆರು ಪಟ್ಟು ನೀರು ಹರಿಯಬೇಕೆಂಬುದು ಸಾಮಾನ್ಯ ರೂಢಿ. ನೀರಿನ ವೇಗ ಸೆಕೆಂಡಿಗೆ ಒಂದು ಮೀಟರಿನ ಒಳಗಿದ್ದರೆ ಸದ್ದೂ ನಷ್ಟವೂ ಹಿತಮಿತವಾಗಿರುತ್ತವೆ. ಆ ವೇಗದಲ್ಲಿ 16 ಮಿಲಿಮೀಟರ್ ಒಳವ್ಯಾಸದ ಹೋಸಿನಲ್ಲಿ ಗಂಟೆಗೆ ಸುಮಾರು 720 ಲೀಟರ್, 20 ಮಿಲಿಮೀಟರಿನಲ್ಲಿ 1130, 25ರಲ್ಲಿ 1770, 32ರಲ್ಲಿ 2900, 40ರಲ್ಲಿ 4520 ಲೀಟರ್ ಹರಿಯುತ್ತದೆ. ಅಂದರೆ ಮೇಲಿನ ಉದಾಹರಣೆಯ 1000 ಲೀಟರಿಗೆ 20 ಮಿಲಿಮೀಟರ್ ಸಾಕು, 25 ಆದರೆ ನೆಮ್ಮದಿ. ಅದೇ ನೀರನ್ನು 12 ಮಿಲಿಮೀಟರ್ ಹೋಸಿನಲ್ಲಿ ತೂರಿಸಬೇಕಾದರೆ ವೇಗ ಸೆಕೆಂಡಿಗೆ ಎರಡೂವರೆ ಮೀಟರಿನ ಹತ್ತಿರ ಬರುತ್ತದೆ, ಪಂಪು ಅಷ್ಟನ್ನು ಕೊಡುವುದೇ ಇಲ್ಲ.

ಒಂದು ಅಳತೆ ದೊಡ್ಡದನ್ನು ಕೊಳ್ಳಿ ಎಂದು ಅನುಭವಿಗಳು ಹೇಳುವುದಕ್ಕೆ ಕಾರಣ ಘರ್ಷಣೆಯ ಲೆಕ್ಕದಲ್ಲಿದೆ. ಹರಿವು ಅಷ್ಟೇ ಇದ್ದರೆ ಘರ್ಷಣೆಯ ನಷ್ಟವು ವ್ಯಾಸದ ಐದನೆಯ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. ಆದ್ದರಿಂದ 25ರ ಬದಲು 20 ಮಿಲಿಮೀಟರ್ ಹಾಕಿದರೆ ನಷ್ಟ ಸುಮಾರು ಮೂರು ಪಟ್ಟಾಗುತ್ತದೆ. ಒಂದು ಸಾಧಾರಣ 90 ಡಿಗ್ರಿ ಎಲ್ಬೋ ಅದರ ವ್ಯಾಸದ ಸುಮಾರು 30 ಪಟ್ಟು ಉದ್ದದ ನೇರ ಪೈಪಿನಷ್ಟು ತಡೆ ಒಡ್ಡುತ್ತದೆ. 25 ಮಿಲಿಮೀಟರ್ ಪೈಪಿನಲ್ಲಿ ಅದು 75 ಸೆಂಟಿಮೀಟರಿಗೆ ಸಮ. ಒಂದು 90ರ ಬದಲು ಎರಡು 45 ಡಿಗ್ರಿಯ ಎಲ್ಬೋ ಹಾಕಿದರೆ ಬಹಳ ಲಾಭವೆಂದು ಹೇಳುವವರಿದ್ದಾರೆ. 45ರ ತಡೆ 90ರದರ ಅರ್ಧಕ್ಕೆ ಹತ್ತಿರವಿರುವುದರಿಂದ ಎರಡು ಸೇರಿದಾಗ ಹೇಳಿಕೊಳ್ಳುವ ಉಳಿತಾಯ ಉಳಿಯುವುದಿಲ್ಲ, ಮೇಲಾಗಿ ಸೋರಬಹುದಾದ ಕೀಲುಗಳು ಹೆಚ್ಚುತ್ತವೆ. ನಿಜವಾದ ಲಾಭ ತಿರುವುಗಳನ್ನೇ ಕಡಿಮೆ ಮಾಡುವುದರಲ್ಲಿದೆ, ಅಥವಾ ಅಲ್ಲಿ ಹೋಸನ್ನು ದೊಡ್ಡ ಬಾಗಿನಲ್ಲಿ ತಿರುಗಿಸುವುದರಲ್ಲಿದೆ.

ಪಂಪಿನ ಡಬ್ಬಿಯ ಮೇಲಿನ ಅಂಕಿಯನ್ನು ಸರಿಯಾಗಿ ಓದಬೇಕು. ಅಲ್ಲಿ ಬರೆದ ಗರಿಷ್ಠ ಹರಿವು ನೀರನ್ನು ಸ್ವಲ್ಪವೂ ಏರಿಸದಿದ್ದಾಗ ಸಿಗುವುದು; ಬರೆದ ಗರಿಷ್ಠ ಎತ್ತರ ಹರಿವು ಸೊನ್ನೆಯಾಗುವ ಎತ್ತರ. ನಿಮ್ಮ ತೊಟ್ಟಿ ಇವೆರಡರ ನಡುವೆ ಎಲ್ಲೋ ಇರುತ್ತದೆ. ಪಂಪಿನ ಹೀರುವ ಬದಿಯನ್ನು ಪಂಪಿನ ಮೂತಿಗಿಂತ ಕಿರಿದಾಗಿಸುವುದಾಗಲಿ, ಅಲ್ಲಿ ವಾಲ್ವ್ ಇಟ್ಟು ಹರಿವು ತಗ್ಗಿಸುವುದಾಗಲಿ ಎಂದಿಗೂ ಸಲ್ಲದು. ತಗ್ಗಿಸುವುದಿದ್ದರೆ ಹೊರಬಿಡುವ ಬದಿಯಲ್ಲೇ ತಗ್ಗಿಸಬೇಕು.

ಅಳತೆಯ ಹೆಸರುಗಳಲ್ಲಿ ಇನ್ನೊಂದು ತೊಡಕಿದೆ. ಮಿಲಿಮೀಟರಿನಲ್ಲಿ ಮಾರುವ ಪಿವಿಸಿ ಪೈಪಿನ ಅಳತೆ ಹೊರವ್ಯಾಸದ್ದು: 20, 25, 32, 40 ಹೀಗೆ. ಇಂಚಿನ ಪೈಪಿನಲ್ಲಿ ಹೆಸರೇ ಬೇರೆ, ನಿಜವಾದ ಅಳತೆಯೇ ಬೇರೆ; ಮುಕ್ಕಾಲು ಇಂಚಿನ ಪೈಪಿನ ಹೊರವ್ಯಾಸ 26.7 ಮಿಲಿಮೀಟರ್, ಒಂದು ಇಂಚಿನದು ಸುಮಾರು 33.4. ಆದ್ದರಿಂದ 25 ಮಿಲಿಮೀಟರ್ ಪೈಪು ಮುಕ್ಕಾಲು ಇಂಚಿನ ಎಲ್ಬೋದಲ್ಲಿ ಸಡಿಲವಾಗುತ್ತದೆ, ಎಷ್ಟು ಅಂಟು ಸುರಿದರೂ ನಿಲ್ಲುವುದಿಲ್ಲ. ಥ್ರೆಡ್ಡುಗಳಲ್ಲೂ ಹೀಗೆಯೇ. ಬಿಎಸ್‌ಪಿ ಮತ್ತು ಎನ್‌ಪಿಟಿ ಎಂಬ ಎರಡು ಪದ್ಧತಿಗಳಲ್ಲಿ ಅರ್ಧ ಮತ್ತು ಮುಕ್ಕಾಲು ಇಂಚಿಗೆ ಇಂಚೊಂದಕ್ಕೆ 14 ಸುತ್ತುಗಳಿರುವುದರಿಂದ ಒಂದರೊಳಗೊಂದು ಕೂತಂತೆ ಕಾಣುತ್ತದೆ. ಆದರೆ ಥ್ರೆಡ್ಡಿನ ಕೋನ ಒಂದರಲ್ಲಿ 55 ಡಿಗ್ರಿ, ಇನ್ನೊಂದರಲ್ಲಿ 60. ಕೈಯಲ್ಲಿ ಬಿಗಿಯಾಯಿತು ಎನಿಸಿದ ಕೀಲು ವಾರದ ಮೇಲೆ ಹನಿಯುವುದು ಇದರಿಂದಲೇ. ವಿದೇಶಿ ಪಂಪು ಕೊಂಡವರು ಅದರ ಕೈಪಿಡಿಯಲ್ಲಿ ಥ್ರೆಡ್ಡಿನ ಹೆಸರನ್ನು ಮೊದಲು ನೋಡಿಕೊಂಡು ಆಮೇಲೆ ಉಳಿದ ಸಾಮಾನು ತರಬೇಕು.

ಬಿಚ್ಚುವ ಕೀಲು ಮತ್ತು ವಾಲ್ವ್

ಪೈಪನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅಂಟಿಸಿಬಿಡುವುದು ಹೊಸಬರು ಮಾಡುವ ಅತಿ ಸಾಮಾನ್ಯ ತಪ್ಪು. ಪಂಪು ಕೆಟ್ಟ ದಿನ ಗರಗಸ ಹಿಡಿಯಬೇಕಾಗುತ್ತದೆ. ಪಂಪಿನ ಎರಡೂ ಬದಿಗೆ ಒಂದೊಂದು ಯೂನಿಯನ್ (ನಟ್ಟು ತಿರುಗಿಸಿ ಬಿಚ್ಚಬಹುದಾದ ಕೀಲು), ಅದರಾಚೆ ಒಂದೊಂದು ಬಾಲ್ ವಾಲ್ವ್ ಇದ್ದರೆ ತೊಟ್ಟಿಯನ್ನು ಬರಿದು ಮಾಡದೆ ಪಂಪನ್ನು ಹೊರತೆಗೆಯಬಹುದು. ಎರಡೂ ತುದಿಯಲ್ಲಿ ಯೂನಿಯನ್ ಕೂಡಿಕೊಂಡೇ ಬರುವ ಬಾಲ್ ವಾಲ್ವ್ ಸಿಕ್ಕರೆ ಅದೇ ಉತ್ತಮ, ಏಕೆಂದರೆ ವಾಲ್ವನ್ನೂ ಬಿಚ್ಚಿ ತೊಳೆಯಬಹುದು. ತೆರೆಯಲು ಮುಚ್ಚಲು ಬಾಲ್ ವಾಲ್ವ್ ಸರಿ. ಹರಿವನ್ನು ಕೂದಲೆಳೆಯಷ್ಟು ಹೊಂದಿಸಬೇಕಾದಲ್ಲಿ, ಮುಖ್ಯವಾಗಿ ಮೇಲಿನ ತೊಟ್ಟಿಯಿಂದ ಸಂಪಿಗೆ ಇಳಿಯುವ ಪೈಪಿನಲ್ಲಿ, ಪ್ಲಾಸ್ಟಿಕ್ಕಿನ ಗೇಟ್ ವಾಲ್ವ್ ಬೇಕು. (ಇಲ್ಲಿ ಸಂಪ್ ಎಂದರೆ ಮನೆಗೆ ನೀರು ತುಂಬಿಡುವ ನೆಲದಡಿಯ ತೊಟ್ಟಿಯಲ್ಲ, ಅಕ್ವೇರಿಯಂನ ಕೆಳಗಿಟ್ಟು ಫಿಲ್ಟರ್ ಮಾಧ್ಯಮ ತುಂಬುವ ಎರಡನೆಯ ತೊಟ್ಟಿ.)

ರಬ್ಬರ್ ವಾಷರ್ ಮತ್ತು ಓ-ರಿಂಗ್‌ಗಳಿಗೆ ಇಪಿಡಿಎಂ ರಬ್ಬರ್ ನೀರಿನಲ್ಲಿ ಬಾಳುತ್ತದೆ. ಅವಕ್ಕೆ ಸವರಲು ಸಿಲಿಕೋನ್ ಗ್ರೀಸ್ ಬಳಸಬೇಕು. ಪೆಟ್ರೋಲಿಯಂ ಜೆಲ್ಲಿ ಸವರಿದರೆ ಇಪಿಡಿಎಂ ಉಬ್ಬಿ ಕೆಡುತ್ತದೆ. ಥ್ರೆಡ್ಡುಗಳಿಗೆ ಟೆಫ್ಲಾನ್ ಟೇಪನ್ನು ತಿರುಪು ಬಿಗಿಯುವ ದಿಕ್ಕಿನಲ್ಲೇ ಮೂರು ನಾಲ್ಕು ಸುತ್ತು ಸುತ್ತಿ, ಕೈಯಿಂದ ಬಿಗಿಸಿದ ಮೇಲೆ ಒಂದು ಸುತ್ತಿನಷ್ಟು ಮಾತ್ರ ಸ್ಪ್ಯಾನರ್ ಹಾಕಿದರೆ ಸಾಕು. ಪ್ಲಾಸ್ಟಿಕ್ ಥ್ರೆಡ್ ಒಳಗೆ ಹೋದಂತೆ ದಪ್ಪವಾಗುತ್ತ ಹೋಗುವುದರಿಂದ ಅತಿಯಾಗಿ ಬಿಗಿದರೆ ಅದನ್ನು ಹಿಡಿದಿರುವ ಹೊರಗಿನ ತುಂಡು ಸೀಳುತ್ತದೆ.

ಗಾಜಿಗೆ ತೂತು ಕೊರೆದು ಟ್ಯಾಂಕ್ ಕನೆಕ್ಟರ್ (ಗಾಜಿನಾಚೆಗೆ ಪೈಪು ಹಾಯಿಸುವ ಕೀಲು) ಕೂರಿಸುವವರು ಮೊದಲು ಆ ಗಾಜು ಟೆಂಪರ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ್ದು, ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಟೆಂಪರ್ಡ್ ಗಾಜಿಗೆ ಕೊರೆಯುವ ಯಂತ್ರ ತಾಗಿದರೆ ಇಡೀ ಹಲಗೆ ಪುಡಿಯಾಗುತ್ತದೆ. ಕನೆಕ್ಟರಿನ ರಬ್ಬರ್ ವಾಷರ್ ಅಗಲವಾದ ಅಂಚಿನ ಬದಿಗೆ ಇರಬೇಕು, ನಟ್ಟಿನ ಬದಿಗಲ್ಲ. ಕೈಯಿಂದ ಬಿಗಿಸಿ, ಮೇಲೆ ಕಾಲು ಸುತ್ತು, ಅಷ್ಟೇ. ಕೆಲವು ಕನೆಕ್ಟರುಗಳ ನಟ್ಟಿನ ಥ್ರೆಡ್ ಎಡಕ್ಕೆ ಬಿಗಿಯುವಂಥದ್ದು ಎಂಬುದನ್ನು ಬಲ ಹಾಕುವ ಮೊದಲೇ ನೋಡಿಕೊಳ್ಳುವುದು ಒಳಿತು.

ಅಂಟು

ಸಾಲ್ವೆಂಟ್ ಸಿಮೆಂಟ್ ಪಿವಿಸಿಯ ಮೇಲ್ಮೈಯನ್ನು ಕರಗಿಸಿ ಎರಡನ್ನೂ ಒಂದಾಗಿ ಬೆಸೆಯುತ್ತದೆ. ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ಭಾಗಗಳನ್ನು ಅದು ಕರಗಿಸಲಾರದು, ಆದ್ದರಿಂದ ಅವುಗಳಿಗೆ ಥ್ರೆಡ್ಡಿನ ಅಥವಾ ಒತ್ತಿ ಕೂರಿಸುವ ಕೀಲೇ ಗತಿ. ಮೊದಲು ಇಡೀ ಜೋಡಣೆಯನ್ನು ಅಂಟಿಲ್ಲದೆ ಕೂರಿಸಿ ನೋಡಿ, ಎಲ್ಬೋಗಳ ದಿಕ್ಕಿಗೆ ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳಬೇಕು. ಕತ್ತರಿಸಿದ ಅಂಚಿನ ಸಿಬಿರನ್ನು ಕೆರೆದು ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಎರಡೂ ಕಡೆಗೆ ಅಂಟು ಸವರಿ, ತಳ್ಳುತ್ತಲೇ ಕಾಲು ಸುತ್ತು ತಿರುಗಿಸಿ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಇದರ ಆವಿ ಉಸಿರಿಗೆ ಒಳ್ಳೆಯದಲ್ಲ, ಬೇಗ ಬೆಂಕಿಯನ್ನೂ ಹಿಡಿಯುತ್ತದೆ. ಕೆಲಸ ಕಿಟಕಿ ತೆರೆದ ಜಾಗದಲ್ಲಿ, ತೊಟ್ಟಿಯಿಂದ ದೂರದಲ್ಲಿ ನಡೆಯಲಿ. ಅಂಟಿಸಿ ಕನಿಷ್ಠ 24 ಗಂಟೆ ಬಿಟ್ಟು, ಒಳಗೆ ಶುದ್ಧ ನೀರು ಹಾಯಿಸಿ ಚೆಲ್ಲಿದ ಮೇಲೆ ಮಾತ್ರ ತೊಟ್ಟಿಗೆ ಸೇರಿಸಬೇಕು. ತೊಟ್ಟಿಯ ಒಳಗೆ ಸಿಲಿಕೋನ್ ಬಳಸುವುದಿದ್ದರೆ ಶಿಲೀಂಧ್ರನಾಶಕ ಬೆರೆಸದ ಶುದ್ಧ ಸಿಲಿಕೋನನ್ನೇ ಆರಿಸಿ. ಬಚ್ಚಲುಮನೆಗೆಂದು ಮಾರುವ ಬಗೆಯಲ್ಲಿ ಆ ಔಷಧಿ ಇರುತ್ತದೆ.

ವಿದ್ಯುತ್ ಹೋದಾಗ

ಸಂಪ್ ಇರುವ ಜೋಡಣೆಯಲ್ಲಿ ಪಂಪು ನಿಂತೊಡನೆ ಮೇಲಿನ ತೊಟ್ಟಿಯ ನೀರು ಮರಳುವ ಪೈಪಿನ ಮೂಲಕ ಸೈಫನ್ ಆಗಿ ಕೆಳಗೆ ಬರುತ್ತದೆ. ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಎಷ್ಟು ಕೆಳಗಿದೆಯೋ ಅಷ್ಟೂ ನೀರು ಇಳಿಯುತ್ತದೆ. 90 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ ತೊಟ್ಟಿಯಲ್ಲಿ ಎರಡು ಸೆಂಟಿಮೀಟರ್ ಇಳಿದರೂ 8.1 ಲೀಟರ್, 25 ಮಿಲಿಮೀಟರ್ ಒಳವ್ಯಾಸದ ಪೈಪಿನ ಪ್ರತಿ ಮೀಟರಿಗೂ ಅರ್ಧ ಲೀಟರನ್ನು ಅದಕ್ಕೆ ಸೇರಿಸಿಕೊಳ್ಳಬೇಕು. ಇಷ್ಟು ನೀರಿಗೆ ಸಂಪಿನಲ್ಲಿ ಯಾವಾಗಲೂ ಖಾಲಿ ಜಾಗ ಇರಬೇಕು. ಚೆಕ್ ವಾಲ್ವ್ ಹಾಕಿದ್ದೇವೆ, ಚಿಂತೆಯಿಲ್ಲ ಎನ್ನುವವರನ್ನು ಕಂಡರೆ ನನಗೆ ಅಳುಕಾಗುತ್ತದೆ, ಏಕೆಂದರೆ ಅದರ ರೆಕ್ಕೆಯಡಿ ಒಂದು ಬಸವನಹುಳು ಅಥವಾ ಪಾಚಿಯ ಎಳೆ ಸಿಕ್ಕಿಕೊಂಡರೆ ಅದು ಮುಚ್ಚುವುದಿಲ್ಲ. ಪೈಪಿನಲ್ಲಿ ನೀರಿನ ಮಟ್ಟಕ್ಕೆ ತುಸು ಕೆಳಗೆ ಕೊರೆದ ಸಣ್ಣ ತೂತು ಗಾಳಿಯನ್ನು ಒಳಬಿಟ್ಟು ಸೈಫನ್ನನ್ನು ಮುರಿಯುತ್ತದೆ, ಆದರೆ ಅದೂ ಪಾಚಿಯಿಂದ ಮುಚ್ಚಿಹೋಗುವುದುಂಟು. ಎರಡನ್ನೂ ಹೆಚ್ಚುವರಿ ಎಚ್ಚರಿಕೆಯೆಂದು ಇಟ್ಟುಕೊಳ್ಳಿ, ಭರವಸೆ ಮಾತ್ರ ಸಂಪಿನ ಖಾಲಿ ಜಾಗದ ಮೇಲಿರಲಿ. ಇಳಿಯುವ ಪೈಪು ಕಟ್ಟಿಕೊಂಡಾಗ ಮೇಲಿನ ತೊಟ್ಟಿ ತುಂಬಿ ಹರಿಯದಂತೆ, ಸ್ವಲ್ಪ ಎತ್ತರದಲ್ಲಿ ವಾಲ್ವ್ ಇಲ್ಲದ ಎರಡನೆಯ ಪೈಪೊಂದು ಖಾಲಿ ನಿಂತಿರಲಿ.

ಮೀನು ಬಿಡುವ ಮೊದಲು ಬರಿಯ ನೀರು ತುಂಬಿ ಎರಡು ದಿನ ಪಂಪು ಓಡಿಸಿ, ಪ್ರತಿ ಕೀಲಿನ ಕೆಳಗೂ ಒಣ ಕಾಗದ ಹಾಸಿಡಿ. ಕಣ್ಣಿಗೆ ಕಾಣದ ಹನಿಯನ್ನು ಕಾಗದದ ಕಲೆ ತೋರಿಸುತ್ತದೆ. ಈ ಎರಡು ದಿನಗಳಲ್ಲಿ ನಾಲ್ಕೈದು ಬಾರಿ ಸ್ವಿಚ್ ಆರಿಸಿ ಸಂಪಿನ ಮಟ್ಟ ಎಲ್ಲಿಯವರೆಗೆ ಏರುತ್ತದೆಂದು ನೋಡಿ. ಗಾಳಿ ತೂತನ್ನು ಬೆರಳಿನಿಂದ ಮುಚ್ಚಿಯೂ ಒಮ್ಮೆ ನೋಡಿ, ಆಗ ನೀರು ಏರಿ ನಿಂತ ಮಟ್ಟದಿಂದ ಸಂಪಿನ ಅಂಚಿಗೆ ಇನ್ನೂ ಎರಡು ಬೆರಳು ಉಳಿದಿರಬೇಕು. ಪಂಪು ಮತ್ತೆ ಓಡಿ ಹರಿವು ನೆಲೆಗೊಂಡ ಮೇಲೆ ಸಂಪಿನ ನೀರು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಗಾಜಿನ ಹೊರಬದಿಗೆ ಅಳಿಸದ ಶಾಯಿಯಿಂದ ಗೆರೆ ಎಳೆದಿಡಿ. ನೀರು ಬದಲಿಸುವಾಗ ಪಂಪು ಓಡುತ್ತಿರುವಾಗಿನ ಮಟ್ಟ ಆ ಗೆರೆಯನ್ನು ದಾಟದಂತೆ ತುಂಬಿ.